ಹನ್ನೆರಡು ಪೀಪಾಯಿ, ಒಂದ ನಾಲಿಗಿ

ನನ್ನ ವಾರಗಿ ಮಂದಿ ಕಟ್ಟಿ ಮ್ಯಾಲ ಕುಂತು ಮೊಣಕಾಲ ನೋವಿನ ಸುದ್ದಿ ಹೇಳ್ತಾರ. ನನಗ ಅದಕ್ಕ ಪುರಸೊತ್ತಿಲ್ಲ. ವಾರಕ್ಕೊಂದ ಏನರ ಆಗತೈತಿ, ಅದೂ ನನ್ನ ಹುಡಿಕ್ಕೊಂಡ ಬಂದ ಆಗತೈತಿ.

ನಾ ಹಾನಗಲ್ಲಿನ ಚಕ್ಕಡಿ ಗಾಲಿ ಮಿಸ್ತ್ರಿ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ತಾಲೂಕಿನಾಗ ನನ್ನ ಗಾಲಿ ಉರುಳದ ದಾರಿ ಇಲ್ಲ. ಟಾಯರ್ ಗಾಡಿ ಬಂದ ಮ್ಯಾಲ ಕಟ್ಟಿಗಿ ಗಾಲಿ ಕೇಳಾವ್ರ ಇಲ್ಲದಂಗಾತು. ಬಾಗಲಾ, ಚೌಕಟ್ಟ ಮಾಡ್ಕೋಂತ ಇದ್ದೆ. ಈಗ ಏನ ಮಾಡ್ತಿ ಅಂತ ಕೇಳ್ರಿ. ಬಿಯರಿನ ರುಚಿ ನೋಡ್ತೇನಿ. ನಗಬ್ಯಾಡ್ರಿ. ನಾ ಸಾಲಿ ಕಲ್ತದ್ದು ಮೂರನೇ ಇಯತ್ತೆ. ಬಿಯರ್ ಮಾಡೂದ್ರಾಗನ ದೊಡ್ಡ ಓದ ಓದಿದ ಮೇಡಮ್ಮಾರು ನಾ ಬಾಯಿ ಚಪ್ಪರಿಸೂದನ್ನ ಕಾಯ್ಕೋಂತ ಪೆನ್ನ ಹಿಡದು ನಿಂತಿರ್ತಾರ.

ಬಂಕಾಪುರ ದಾಟಿ ಶಿಗ್ಗಾಂವಿ ಕಡೆ ಹೊಂಟ್ರ ಹೈವೇಕ್ಕ ಹತ್ತಿ ಒಂದ ಬಿಯರ್ ಕಾರ್ಖಾನಿ ಐತಿ. ಅದರ ಸಾವ್ಕಾರ್ರು ವಿಸ್ಕಿ ಇಟ್ಟಿದ್ದ ಹಳೇ ಪೀಪಾಯಿ ಹನ್ನೆರಡು ತರಿಸಿದ್ರು. ಅದರಾಗ ಗಟ್ಟಿ ಬಿಯರ್ ತುಂಬಿ ಬೂಚ ಬಡದು ತಿಂಗಳಾನಗಟ್ಟಲೆ ಮಲಗಸೂದು. ಕಟ್ಟಿಗಿ ಕುಡದ ವಿಸ್ಕಿ ಮೆಲ್ಲಕ ಬಿಯರಿಗೆ ಇಳೀತೈತಿ. ಅಲ್ಲೆ ಬಿಯರ್ ಮಾಡೂ ಮೇಡಮ್ಮಾರು ಅದಕ್ಕ ಏಲ್ ಅಂತಾರ. ನೀವು ಬಿಯರಿನ ದೊಡ್ಡಪ್ಪ ಅಂತ ತಿಳ್ಕೊರಿ. ಮಾತ ಕಡಿಮಿ, ಏಟ ಜೋರು.

ಹಳಿ ಕಾಸಿದ್ದು

ಪೀಪಾಯಿ ಬಂದದ್ದು ಕಡು ಬ್ಯಾಸಗಿಯೊಳಗ. ಲಾರಿಯಿಂದ ಇಳಿಸಿ ಬಿಸಲಾಗ ಇಟ್ಟ್ರು. ಕಟ್ಟಿಗಿ ಒಣಗಿತು, ಕಬ್ಬಣದ ಪಟ್ಟಿ ಸಡ್ಲಾತು, ಒಂದ ಪೀಪಾಯಂತೂ ಮುಟ್ಟಿದ್ದ ತಡ ಬಾಳಿಹಣ್ಣ ಸುಲದಂಗ ಹಲಗಿ ಹಲಗಿ ಬಿಚ್ಚಿ ನೆಲಕ್ಕ ಬಿತ್ತು. ಸಾವ್ಕಾರ್ರಿಗೆ ತಲಿ ಕೆಟ್ಟು, ಅವರಪ್ಪನ ಚಕ್ಕಡಿಗೆ ಗಾಲಿ ಮಾಡಿದ ನನ್ನ ನೆನಪಾತು. ಅದೊಂದ ಪೀಪಾಯಿ ಟೆಂಪೋದಾಗ ಹಾಕಿ ಹಾನಗಲ್ಲಿಗೆ ಕಳಿಸಿದ್ರು.

ನಾ ನೋಡಿದೆ. ಸುತ್ತ ಹಲಗಿ, ಮ್ಯಾಲ ಕಬ್ಬಣ. ಗಾಲಿನೂ ಅದ ಅಲ್ಲೇನು? ಗಾಲಿಗೆ ಕಬ್ಬಣದ ಹಳಿ ಏರಸೂ ಪದ್ಧತಿ ನಮ್ಮದು ಹಿಂಗ: ಕುಳ್ಳಿನ ಬೆಂಕ್ಯಾಗ ಹಳಿ ಕೆಂಪಗ ಕಾಸೂದು, ಇಕ್ಕಳಲೆ ಎತ್ತಿ ಗಾಲಿ ಮ್ಯಾಲ ಕೂಡಸೂದು, ಕೊಡಾ ನೀರ ಸುರುವೂದು. ಹಳಿ ಕುಗ್ಗಿ ಕಟ್ಟಿಗಿಯನ್ನ ಅವ್ವ ಕೂಸಿನ್ನ ಅವಚಿದಂಗ ಅವಚಿಕೊಂತೈತಿ. ಐವತ್ತ ವರ್ಷ ಮಾಡೇನಿ. ಒಂದ ಗಾಲೀನೂ ತಪ್ಪಿಲ್ಲ.

ಹಲಗಿ ಜೋಡಿಸಿ ಹಗ್ಗ ಬಿಗದು, ಪಟ್ಟಿ ಕೆಂಪಗ ಕಾಸಿ ಪೀಪಾಯಿ ಮ್ಯಾಲ ಇಟ್ಟೆ.

ಗಾಲಿ ಎಂದೂ ವಿಸ್ಕಿ ಕುಡದಿರೂದಿಲ್ಲ, ಪೀಪಾಯಿ ವರ್ಷಗಟ್ಟಲೆ ಅದನ್ನ ಕುಡದಿರತೈತಿ. ಅದು ನನ್ನ ಲಕ್ಷಕ್ಕ ಬರಲಿಲ್ಲ. ಭಪ್ಪ್ ಅಂತು. ನೀಲಿ ಬೆಂಕಿ ನನ್ನ ಎದಿ ಮಟ್ಟ ಎದ್ದು ನಿಂತ್ತು. ನನ್ನ ಒಂದ ಹುಬ್ಬ ಹೋತು. ಹಸೀ ಗೋಣಿಚೀಲ ಒಗದು ಒಗದು ಆರಿಸಿದೆ. ಆದ್ರ ವಾಸನಿ ಆರಲಿಲ್ಲ. ಓಣಿ ತುಂಬ ಹರಡಿ, ಗುಡಿ ಕಡೆ ಹೊಂಟ ಮಂದಿ ನಮ್ಮ ಅಂಗಳಕ್ಕ ತಿರಗಿತು. ಎಲ್ಲಾರೂ ಗುಂಪ ಕಟ್ಟಿ ನಿಂತು, ಸುಟಗೊಂಡಿಯೇನು ಅಂತ ಒಬ್ಬರೂ ಕೇಳಲಿಲ್ಲ, ಬರೇ ಉಸರ ಎಳಕೊಳ್ಳಾಕತ್ತಿದ್ರು.

ಮುಂದಿನ ಮನಿ ಹಿರ್ಯಾ, ಹುಟ್ಟಿದಾಗಿಂದ ಒಂದ ಹನಿ ಮುಟ್ಟದಾಂವ, ಕಣ್ಣ ಮುಚ್ಚಿ ದೀರ್ಘ ಉಸರ ಎಳದು ಕೇಳಿದ: “ಮಿಸ್ತ್ರೀ, ನಾಳೆ ಎಷ್ಟ ಗಂಟೇಕ ಸುಡ್ತಿ?”

ಮಾಸೂರಿನ ಆಪು

ಪೀಪಾಯಿ ಪಟ್ಟಿ ಕಾಸಬಾರ್ದು, ಮ್ಯಾಲಿಂದ ಕೊಡತೀಲೆ ಬಡದು ಇಳಸಬೇಕು ಅಂತ ಅವತ್ತ ಕಲ್ತೆ. ಒಂದ ಸಲ ಕಲ್ತ್ರ ಸಾಕು ನನಗ. ಕಾರ್ಖಾನಿಗೆ ಹೋಗಿ ಕುಂತು ಹನ್ನೆರಡೂ ಬಿಗದೆ. ಆದ್ರೂ ಸಂದ್ಯಾಗ ಹನಿ ಹನಿ ಸೋರತಿತ್ತು. ಸಾವ್ಕಾರ್ರು ಅಂಟಿನ ಡಬ್ಬಿ ತಂದ್ರು. ಮೇಡಮ್ಮಾರು ಚೀರಿದ್ರು, “ಅಯ್ಯೋ, ಕುಡಿಯೋ ಪದಾರ್ಥ ಸಾರ್ ಅದು!”

ನಾ ಬಸ್ಸ ಹತ್ತಿ ಮಾಸೂರಿಗೆ ಹೋದೆ. ಅಲ್ಲೆ ಮದಗದ ಕೆರಿ ದಂಡ್ಯಾಗ ಆಪು, ಅಂದ್ರ ಜೊಂಡ ಹುಲ್ಲ, ಬೆಳೀತೈತಿ, ಚಾಪಿ ಹೆಣ್ಯಾಕ ಕೊಯ್ತಾರ. ಒಣಗಿದ ಆಪಿನ ಎಲಿ ಹಲಗಿ ಸಂದ್ಯಾಗ ಇಟ್ಟು ಬಿಗದ್ರ, ನೀರ ತಾಗಿದ್ದ ತಡ ಉಬ್ಬಿ ಸಂದಿ ಮುಚ್ಚತೈತಿ. ಇದು ಯಾವ ಪುಸ್ತಕದಾಗ ಐತೋ ಇಲ್ಲೋ, ನನ್ನ ತಲ್ಯಾಗಂತೂ ಇತ್ತು.

ಆಪು ಕೊಯ್ಯೂ ಹೆಣಮಗಳು ಕೇಳಿದ್ಲು, “ಯಾಕ ಬೇಕ್ರಿ ಅಜ್ಜಾರ, ಚಾಪಿಗೇನು?”

“ಇಲ್ಲವ್ವ. ಬಿಯರಿಗೆ.”

ಆಕಿ ಕುಡಗೋಲ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. ಆಮ್ಯಾಲ ಒಂದ ಹೊರಿ ಕಟ್ಟಿ ಕೊಟ್ಟು ಅಂದ್ಲು: “ತಗೊಂಡ ಹೋಗ್ರಿ. ನಮ್ಮ ಮನ್ಯಾಗ ಮಾತ್ರ ಇದನ್ನ ಹೇಳಬ್ಯಾಡ್ರಿ. ನಮ್ಮಾಂವಗ ಗೊತ್ತಾದ್ರ ಚಾಪೀನೂ ಉಳ್ಯೂದಿಲ್ಲ.”

ಸೋರೂದು ನಿಂತ್ತು. ಬಿಯರ್ ತುಂಬಿದ್ರು. ಅವತ್ತ ಸಾವ್ಕಾರ್ರು ನನ್ನ ಬಾಜೂಕ ಕರದು ಒಂದ ಮಾತ ಹೇಳಿದ್ರು, ಅದು ನನ್ನ ಎದ್ಯಾಗ ಮೊಳಿ ಹೊಡದಂಗ ಕುಂತೈತಿ.

“ಮಿಸ್ತ್ರಿ, ಒಂದ ವರ್ಷ ನೋಡ್ತೇನಿ. ಬೆಂಗಳೂರಿಂದ ರುಚಿ ನೋಡೂ ತಜ್ಞರನ್ನ ಕರಸ್ತೇನಿ. ಅವರು ಚೊಲೋ ಐತಿ ಅಂದ್ರ ಪೀಪಾಯಿ ಇರ್ತಾವ. ಮಾರಿ ಕಿವಚಿದ್ರೋ, ಹೈವೇ ಮ್ಯಾಲಿನ ರೆಸಾರ್ಟಿನಾಂವ ಹೂವಿನ ಗಿಡಾ ಹಚ್ಚಾಕ ಅರ್ಧರ್ಧ ಪೀಪಾಯಿ ಕೇಳಾಕತ್ತಾನ, ಅವಗ ಕೊಡ್ತೇನಿ.”

“ಅರ್ಧ ಮಾಡಾವ್ರು ಯಾರ್ರಿ?” ಅಂದೆ.

“ಮತ್ತ್ಯಾರು? ಗರಗಸ ನಿನ್ನ ಕಡೇನ ಐತಲ್ಲ.”

ಕಟ್ಟಿದ ಕೈಲೇನ ಕೊರೀಬೇಕಂತ! ಒಂದೊಂದಕ್ಕೂ ಎತ್ತಿಗೆ ಇಟ್ಟಂಗ ಹೆಸರಿಟ್ಟೇನಿ ನಾನು. ಸುಟ್ಟಿದ್ದಕ್ಕ ಕರಿಯಾ, ತಡಾ ಮಾಡಿ ಹದಕ್ಕ ಬರೂದಕ್ಕ ಮೈಗಳ್ಳ, ಬೂಚ ತಗದ್ರ ಮಾರಿಗೆ ಹಾರೂದಕ್ಕ ಹಾಯೂ ಎತ್ತು. ಅವನ್ನ ಕೊರದು ಗುಲಾಬಿ ಗಿಡಾ ಹಚ್ಚತಾರಂತ.

ಉಗುಳೂ ಕೆಲಸ

ಒಂದ ದಿನ ಮೇಡಮ್ಮಾರು ಪೀಪಾಯಿ ಒಳಗ ಗಾಜಿನ ಕೊಳವಿ ಇಳಿಸಿ ಸ್ವಲ್ಪ ಎಳದು ಗ್ಲಾಸಿನಾಗ ಹಾಕಿ ಕೊಟ್ಟ್ರು. “ಅಜ್ಜ, ನೀವು ಮರದ ವಾಸನೆ ಚೆನ್ನಾಗಿ ಬಲ್ಲವರು. ಬಾಯಲ್ಲಿ ಆಡಿಸಿ ನೋಡಿ, ಏನನ್ನಿಸುತ್ತೆ ಹೇಳಿ.”

ಆಡಿಸಿದೆ. ಅಬಾಬಾ! ನುಂಗಾಕ ಕುತಗಿ ಎತ್ತಿದೆ.

“ನುಂಗಬೇಡಿ, ನುಂಗಬೇಡಿ! ಉಗುಳಿ!” ಅಂತ ಪ್ಲಾಸ್ಟಿಕ್ ಬಕೆಟ್ ಮುಂದ ಹಿಡದ್ರು.

ನನಗ ಸಿಟ್ಟ ನೆತ್ತಿಗೇರಿತು. ಊಟಕ್ಕ ಕರದು ತುತ್ತ ಬಾಯಾಗಿಂದ ಕಸಗೊಂಡಂಗಾತು. ಆದ್ರ ಅವರು ತಿಳಿಸಿ ಹೇಳಿದ್ರು. ಹನ್ನೆರಡು ಪೀಪಾಯಿ ರುಚಿ ನೋಡಬೇಕು, ನುಂಗಕೋಂತ ಹೋದ್ರ ಐದನೇದಕ್ಕ ನಾಲಿಗಿ ಮಲಗತೈತಿ, ಏಳನೇದಕ್ಕ ಮನಿಷಾ ಮಲಗತಾನ. ಖರೇ ಅನಸ್ತು. ಉಗಳಿದೆ. ಅದೂ ಎಂಥಾ ಉಗಳೂದಂದ್ರಿ! ನಲವತ್ತ ವರ್ಷ ಸವಣೂರ ಎಲಿ ಹಾಕ್ಕೊಂಡ ಬಾಯಿದು. ಆರ ಮಾರ ದೂರಿಟ್ಟ ಬಕೆಟ್ಟಿಗೆ ಒಂದ ಹನಿ ಆಚೀಚಿ ಹೋಗದಂಗ ಉಗಳಿದೆ. ಮೇಡಮ್ಮಾರು ಚಪ್ಪಾಳಿ ತಟ್ಟಿದ್ರು.

ಮನಿಗೆ ಬಂದೆ. ನಮ್ಮಾಕಿ ಬಾಗಲದಾಗ ನಿಂತು ನನ್ನ ಬಾಯಿ ಮೂಸಿದ್ಲು.

“ಕುಡದೀರಿ.”

“ಇಲ್ಲ. ರುಚಿ ನೋಡೇನಿ. ಬಾಯಾಗ ಹಾಕ್ಕೊಂಡು ಉಗಳೇನಿ. ಒಂದ ಹನಿ ಒಳಗ ಹೋಗಿಲ್ಲ. ಇದು ದೊಡ್ಡ ಕೆಲಸ, ನಿನಗ ತಿಳ್ಯೂದಿಲ್ಲ.”

ಆಕಿ ತಾಟಿನಾಗ ಬಿಸಿ ರೊಟ್ಟಿ, ಎಣಗಾಯಿ ಪಲ್ಲೆ, ಮೊಸರು ಹಾಕಿ ಮುಂದಿಟ್ಲು. ನಾ ಒಂದ ತುತ್ತ ಬಾಯಾಗ ಇಟ್ಟೆ. ಆಕಿ ತಾಟ ಎಳಕೊಂಡು ಬಕೆಟ್ ಮುಂದ ಇಟ್ಟ್ಲು.

“ರುಚಿ ನೋಡಿದ್ರೆಲ್ಲಾ? ಉಗಳ್ರಿ.”

ಸವಣೂರಿನ ಮೂಗು

ಸವಣೂರಾಗ ನನ್ನ ಹಳೇ ದೋಸ್ತ ಒಬ್ಬಾಂವ ಅತ್ತರ ಮಾರ್ತಾನ. ಕುಡ್ಯೂದರ ಹತ್ರ ಸುಳ್ಯಾಂವಲ್ಲ, ಐದೂ ಹೊತ್ತ ನಮಾಜ ಮಾಡಾಂವ. ಆದ್ರ ಮೂಗಂದ್ರ ಮೂಗು. ನೀವು ಬಾಗಲದಾಗ ಕಾಲಿಡೂದ್ರಾಗ ಮುಂಜಾನಿ ಏನ ತಿಂದೀರಿ ಅಂತ ಹೇಳ್ತಾನ.

ಮೇಡಮ್ಮಾರ ಮುಂದ ಅವನ ಮೂಗನ್ನ ಹೊಗಳಿ ತಪ್ಪ ಮಾಡಿದೆ. ಇದು ಉಗುಳೂ ಕೆಲಸಕ್ಕಿಂತ ಮೊದಲಿನ ಮಾತು, ಪೀಪಾಯಿ ತುಂಬೂ ಹೊತ್ತಿಂದು. ಹನ್ನೊಂದ ತುಂಬಿ ಒಂದ ಉಳದಿತ್ತು, ಅದರ ವಾಸನಿ ಯಾಕೋ ಅವರಿಗೆ ಸಂಶೆ ಬಂದಿತ್ತು. ಕರಸ್ರಿ ಅಂದ್ರು. ದೋಸ್ತಗ ಹೇಳಿದೆ. ಅಂವ ಗಡ್ಡಾ ನೀವಿಕೊಂಡು, “ಮಿಸ್ತ್ರೀ, ಖಾಲಿ ಪೀಪಾಯಿ ಐತೇನು? ಖಾಲಿದಿದ್ರ ಹೊರಗ ಗಿಡದ ಬುಡಕ ತಂದಿಡ್ರಿ. ನಾ ಕಾರ್ಖಾನಿ ಒಳಗ ಬರೂದಿಲ್ಲ. ಕಟ್ಟಿಗಿ ಮೂಸಾಕ ಏನೂ ಹರಕತ್ತಿಲ್ಲ” ಅಂದ.

ಗಿಡದ ಬುಡಕ ತಂದಿಟ್ಟಿವಿ. ಮೊದಲ ನಾ ಮೂಸಿದೆ. “ವಿಸ್ಕಿ, ಸುಟ್ಟ ಕಟ್ಟಿಗಿ, ಹಳೇ ಬೆಲ್ಲ. ಚೊಲೋ ಐತಿ, ತುಂಬ್ರಿ” ಅಂತ ಹುಕುಂ ಮಾಡಿದೆ.

ಅಂವ ಬಗ್ಗಿ, ಬೂಚಿನ ತೂತಿಗೆ ಮೂಗ ಹಚ್ಚಿ, ಒಂದ ಅರ್ಧ ಉಸರ ಎಳದು ಹಿಂದ ಸರದ. ಅತ್ತರದ ಹತ್ತಿ ತಗದು ತನ್ನ ಮೂಗಿಗೆ ಇಟ್ಟುಕೊಂಡ.

“ತುಂಬಬ್ಯಾಡ್ರಿ ಬಹೆನ್‌ಜಿ. ಇದರಾಗ ಒಂದ ಹಲ್ಲಿ ಸತ್ತೈತಿ.”

“ಏ, ಸುಮ್ನ ಇರಪಾ!” ಅಂದೆ. “ಹಲ್ಲೀಗೇನು ವಾಸನಿ ಇರತೈತಿ?”

“ಅರೇ ಮಿಸ್ತ್ರಿ, ಜೀವಂತ ಇದ್ದಾಗ ಇರೂದಿಲ್ಲ.”

ಮುಚ್ಚಳದ ಹಲಗಿ ಬಿಚ್ಚಿದಿವಿ. ಮೂಲ್ಯಾಗ ಅಂಗಾತ ಬಿದ್ದಿತ್ತು, ಒಣಗಿ ಗರಿ ಗರಿ ಆಗಿ. ಮೇಡಮ್ಮಾರು ಅವಗ ಕೈ ಮುಗದು ನನ್ನ ಕಡೆ ನೋಡಿದ್ರು. ನಾ ಸೋಲೂ ಪೈಕಿ ಅಲ್ಲ. ಪೀಪಾಯಿ ಒಳಗ ಮತ್ತ ಮೂಗ ಹಾಕಿ ಗಂಭೀರ ಮಾರಿ ಮಾಡ್ಕೊಂಡ ಹೇಳಿದೆ: “ಖರೇ. ಆದ್ರ ಅದು ಗಂಡ ಹಲ್ಲಿ. ಅದನ್ನ ಇಂವ ಹೇಳಲಿಲ್ಲ.”

ಮೇಡಮ್ಮಾರ ನೋಟಬುಕ್

ಮೇಡಮ್ಮಾರ ಭಾಷಾದಾಗ ಎಲ್ಲಾ ಬಿಯರಿಗೂ ನಾಕ ಮಾತು: ವೆನಿಲ್ಲಾ, ಕ್ಯಾರಮೆಲ್, ತೆಂಗು, ಒಣ ಹಣ್ಣು. ನಾ ಅಂಥಾವು ಹೇಳೂದಿಲ್ಲ. ನನಗ ಯಾವುದು ನೆನಪಾಗತೈತಿ ಅದನ್ನ ಹೇಳ್ತೇನಿ.

“ಇದು ಗಾಣದ ಮನ್ಯಾಗ ಕೊಪ್ಪರಗಿ ತಳಕ್ಕ ಹತ್ತಿದ ಬೆಲ್ಲ. ಇದು ಉತ್ತತ್ತಿ, ಆದ್ರ ಬಾಣಂತಿ ಡಬ್ಬಿದು, ಅಂಗಡೀದಲ್ಲ. ಇದು ಅಬಲೂರ ಗುಡಿ ಹಿಂದಿನ ಕಲ್ಲಿಗೆ ಮೊದಲ್ನೇ ಮಳಿ ಬಿದ್ದಂಗ. ಇದು ಚಕ್ಕಡಿ ಅಚ್ಚಿಗೆ ಹಾಕೂ ಕೀಲೆಣ್ಣಿ, ಎತ್ತ ಬಿಚ್ಚಿದ ಮ್ಯಾಲಿಂದು, ಬಿಸಿ ಇರತೈತಲ್ಲ, ಅದು.”

ಅವರು ನಗಲಿಲ್ಲ. ಒಂದೊಂದೂ ಬರಕೊಂಡ್ರು. ಪ್ರಾಮಾಣಿಕ ಹೆಣಮಗಳು, ನೋಡದ್ದನ್ನ ಬರ್ಯಾಕ ಮನಸ ಒಪ್ಪಲಿಲ್ಲ. ಸೂಟಿ ಇದ್ದ ದಿನ ಸ್ಕೂಟಿ ತಗೊಂಡು ಅಬಲೂರಿಗೆ ಹೋಗಿ, ಮಳಿ ಬರೂ ತನಕ ಗುಡಿ ಹಿಂದ ಕುಂತು, ತೊಯ್ದು ತೊಪ್ಪಡಿ ಆಗಿ ಬಂದು, “ಅಜ್ಜ, ನೀವು ಹೇಳಿದ್ದು ನೂರಕ್ಕೆ ನೂರು ಸರಿ” ಅಂದ್ರು. ನನಗ ಎದಿ ಎರಡ ಗೇಣ ಉಬ್ಬಿತು.

ಮುಂದಿನ ವಾರ ಹಾನಗಲ್ಲ ಹತ್ರದ ಒಬ್ಬ ರೈತನ ಫೋನ್ ಬಂತು. ಅವನ ಚಕ್ಕಡಿ ನಾ ಮಾಡಿದ್ದ.

“ಮಿಸ್ತ್ರೀ, ಯಾರೋ ಮೇಡಮ್ ಬಂದಾರ್ರಿ. ನಿಮ್ಮ ಹೆಸರ ಹೇಳಿದ್ರು, ಚಾ ಕೊಟ್ಟೆ. ಕುಡೀಲಿಲ್ಲ. ಎತ್ತ ಯಾವಾಗ ಬಿಚ್ಚತೀರಿ ಅಂತ ಕೇಳ್ಕೋಂತ ಕುಂತಿದ್ರು. ಬಿಚ್ಚಿದ ಕೂಡ್ಲೇ ಗಾಡಿ ಕೆಳಗ ಹೊಕ್ಕು ಅಚ್ಚ ಮೂಸಾಕತ್ತಾರ. ಕಣ್ಣ ಬ್ಯಾರೆ ಮುಚ್ಯಾರ.” ಆಮ್ಯಾಲ ದನಿ ಸಣ್ಣ ಮಾಡಿ ಕೇಳಿದ: “ಪಾಪ, ಯಾವಾಗಿಂದ ಹಿಂಗ ಐತ್ರಿ ಅವರಿಗೆ? ಹಾನಗಲ್ಲ ದವಾಖಾನಿಗೆ ಕರಕೊಂಡ ಬರಲೇನು?”

ಹಿರೇಕೆರೂರ ಬೀಗರು

ನನ್ನ ಮಗಳನ್ನ ಹಿರೇಕೆರೂರ ತಾಲೂಕಿಗೆ ಕೊಟ್ಟೇವಿ. ಅಳಿಯಾ ಬಂಗಾರದಂಥಾಂವ. ಅವರಪ್ಪ, ನಮ್ಮ ಬೀಗರು, ಮಾತ್ರ ಹುಟ್ಟಾ ತಕರಾರಿ. ಮದವಿಯಾಗಿ ಹದಿನೆಂಟ ವರ್ಷಾತು, ನನ್ನ ಮಗಳ ಕೈಯಾಗಿನ ಅಡಗಿಗೆ ಒಂದ ದಿನ ಚೊಲೋ ಐತಿ ಅಂದಿಲ್ಲ. ರೊಟ್ಟಿ ತಿಂದು ತಾಟ ಬಳದು, ಎದ್ದು ಕೈ ತೊಳಕೋಂತ, “ಹೂಂ, ನಡೀತೈತಿ” ಅನ್ನೂದು, ಅಷ್ಟ.

ಅವರು ಒಮ್ಮೆ ಕಾರ್ಖಾನಿ ನೋಡಾಕ ಬಂದ್ರು. ನಾ ಹಾಯೂ ಎತ್ತಿನಿಂದ ಸ್ವಲ್ಪ ಎಳದು ಗ್ಲಾಸಿನಾಗ ಹಾಕಿ, “ಬೀಗರ, ತುಟಿಗೆ ಹಚ್ಚಿ ಬಾಯಾಗ ಆಡಿಸಿ ಉಗಳ್ರಿ” ಅಂದೆ.

“ಉಗಳೂದ್ಯಾಕ? ಬಿಯರ್ ಅಲ್ಲೇನು ಇದು? ಬ್ಯಾಸಗ್ಯಾಗ ನಾಕ ಬಾಟ್ಲಿ ಕುಡಿಯಾಂವ ನಾನು” ಅಂದು ಗಟಗಟ ಮಜ್ಜಿಗಿ ಕುಡದಂಗ ಕುಡದ ಬಿಟ್ಟ್ರು. ನಾ ಬ್ಯಾಡ ಅನ್ನೂದ್ರಾಗ ಮೈಗಳ್ಳನದೂ ಒಂದ ಗ್ಲಾಸ ತಾವ ಬಗ್ಗಿಸಿಕೊಂಡು ಅದನ್ನೂ ಇಳಿಸಿದ್ರು.

ಹೇಳಿದೆನಲ್ಲ, ಬಿಯರಿನ ದೊಡ್ಡಪ್ಪ ಅದು. ಬೀಗರ ಕಣ್ಣಾಗ ನೀರ ಬಂತು. ನನ್ನ ಎರಡೂ ಕೈ ಹಿಡಕೊಂಡ್ರು.

“ಬೀಗಾ, ನಿನ್ನ ಮಗಳು... ಆಕಿ ರೊಟ್ಟಿ ಬಡದ್ರ ಹಾಳಿ ಇದ್ದಂಗ ಇರತೈತೋ ಬೀಗಾ! ನಮ್ಮವ್ವನ ಕೈಯಾಗಿನ ರುಚಿ! ನಾ ಪಾಪಿ, ಒಮ್ಮೆನೂ ಹೇಳಿಲ್ಲ!”

ಟೆಂಪೋದಾಗ ಕೂಡಿಸಿ ಊರಿಗೆ ಕಳಿಸಿದಿವಿ. ದಾರಿ ತುಂಬ ಅಳಕೋಂತ ಹೋಗಿ, ಮನಿ ಅಂಗಳದಾಗ ನಿಂತು, ಓಣಿಗೆಲ್ಲಾ ಕೇಳೂಹಂಗ ಸೊಸೀನ್ನ ಹೊಗಳಿದ್ರಂತ. ಮರುದಿನ ಮುಂಜಾನೆದ್ದು ಮತ್ತ ಅದ ಹಳೇ ಮಾರಿ, “ಹೂಂ, ನಡೀತೈತಿ.”

ಮಗಳ ಫೋನ್ ಬಂತು. ಬೈತಾಳ ಅಂತ ಹೆದರಿಕೋಂತ ಎತ್ತಿದೆ.

“ಅಪ್ಪಾ, ನಿನ್ನೆ ಮಾವಾರಿಗೆ ಏನ ಕೊಟ್ಟಿದ್ದಿ?”

“ತಪ್ಪಾತವ್ವ. ಇನ್ನ ಮ್ಯಾಲ ಕೊಡೂದಿಲ್ಲ.”

“ಅಯ್ಯ, ಯಾಕ? ಒಂದ ಕ್ಯಾನ್ ತುಂಬಿ ಕಳಸು. ಮುಂದಿನ ವಾರ ನಮ್ಮ ಅತ್ತಿಯಾರ ತವರಮನಿ ಮಂದಿ ಬರ್ತಾರ.”

ಬೆಂಗಳೂರವ್ರು ಬಂದ ದಿನ

ವರ್ಷ ತುಂಬಿತು. ಪರೀಕ್ಷಾ ದಿನ ಬಂತು. ಮುಂಜಾನಿ ಕಾರ್ಖಾನಿಗೆ ಹೋಗಿ ನೋಡ್ತೇನಿ, ಪೀಪಾಯಿ ಕೋಣಿ ಬಾಗಲದ ಬಾಜೂಕ ಗ್ವಾಡಿಗೆ ನನ್ನ ಗರಗಸ ಆನಿಸಿ ಇಟ್ಟಾರ. ಹಿಂದಿನ ದಿನ ಟೆಂಪೋದಾಂವ ಬಂದು ನಮ್ಮ ಮನಿಯಿಂದ ಇಸಗೊಂಡ ಹೋಗಿದ್ದು ಅದಕ್ಕ! ಹೊರಗ ರೆಸಾರ್ಟಿನಾಂವ ಗಾಡಿ ತಂದ ನಿಲ್ಲಿಸಿ ಒಳಗ ಬಂದು, ಟೇಪ್ ಹಿಡದು ಕರಿಯಾನ ಹೊಟ್ಟಿ ಅಳ್ಯಾಕತ್ತಿದ್ದ. “ಇದು ದುಂಡ ಮಲ್ಲಿಗಿ ಗಿಡಕ್ಕ ಸರಿ ಆಗತೈತ್ರಿ” ಅಂದ. ನಾ ಅವನ ಕಡೆ ಹೆಂಗ ನೋಡಿದೆ ಅಂದ್ರ, ಟೇಪ್ ತಾನ ಸುತಗೊಂಡು ಡಬ್ಬಿ ಒಳಗ ಹೋತು.

ಸಾವ್ಕಾರ್ರು ನನ್ನ ಬಾಜೂಕ ಎಳದು ಹೇಳಿದ್ರು, “ಮಿಸ್ತ್ರಿ, ಕೈ ಮುಗೀತೇನಿ. ಇವತ್ತ ನೀ ಬಾಯಿ ಬಿಡಬ್ಯಾಡ. ಸುಮ್ನ ಪೀಪಾಯಿ ಬಾಜೂಕ ನಿಂದ್ರು.”

ನಿಂತೆ. ಮೂರ ಮಂದಿ ಕಾರಿನಿಂದ ಇಳದ್ರು. ಹಿರ್ಯಾಂವ ದಪ್ಪ ಕನ್ನಡಕದಾಂವ. ಅವಂದ ಬೆಂಗಳೂರಾಗ ಸ್ವಂತ ಬಿಯರ್ ಕಾರ್ಖಾನಿ ಐತಂತ, ಬಹುಮಾನ ತಗೊಂಡ ಬಾಟ್ಲಿ ಐತಂತ, ದೇಶದಾಗ ಎಲ್ಲಿ ಪರೀಕ್ಷಾ ಆದ್ರೂ ತೀರ್ಪ ಕೊಡಾಂವ ಅವನ ಅಂತ. ಇನ್ನಿಬ್ಬರು ಅವನ ಹಿಂದ ಹಿಂದ ಅಡ್ಡಾಡಾವ್ರು. ಮೂರೂ ಮಂದಿ ಕೈಯಾಗ ಒಂದೊಂದ ಹಾಳಿ. ಅದರಾಗ ಗೆರಿ ಎಳದು ನಾಕ ಮನಿ ಮಾಡಿದ್ರು: ಬಣ್ಣ, ವಾಸನಿ, ರುಚಿ, ದೋಷ. ಮೇಡಮ್ಮಾರು ಓದಿ ಹೇಳಿದ್ರು. ಹಿರ್ಯಾಂವ ಬರದದ್ದ ಕಡೀ ಮಾತಂತ.

ಹಿರ್ಯಾಂವ ನನ್ನ ನೋಡಿ, “ಇವರು ಯಾರು?” ಅಂದ.

ಮೇಡಮ್ಮಾರು, “ನಮ್ಮಲ್ಲಿ ರುಚಿ ನೋಡೋರು ಸಾರ್” ಅಂದ್ರು.

ಅಂವ ತುಟಿ ತುದಿಲೆ ನಕ್ಕ. “ಹೌದಾ? ಎಷ್ಟು ವರ್ಷದ ಅನುಭವ ಯಜಮಾನ್ರೇ?”

“ಕಟ್ಟಿಗಿದು ಐವತ್ತ ವರ್ಷ. ಬಿಯರಿಂದು ಒಂದು.”

“ಹನ್ನೆರಡಕ್ಕೂ ಒಂದೇ ಬಿಯರ್ ತುಂಬಿದ್ದಾರೆ. ಯಾವ ಗ್ಲಾಸು ಯಾವ ಬ್ಯಾರೆಲ್ಲಿಂದು ಅಂತ ಹೇಳೋಕೆ ನಮ್ಮ ಕೈಲೂ ಆಗಲ್ಲ ಬಿಡಿ.”

ಸಾವ್ಕಾರ್ರು ಕೆಮ್ಮಿದ್ರು. ನನಗ ಕೇಳಿಸಿತು. ಆದ್ರ ಬಾಯಿ ಅಷ್ಟೊತ್ತಿಗೆ ಬಿಟ್ಟಾಗಿತ್ತು.

“ನಿಮ್ಮ ಕೈಲೆ ಆಗೂದಿಲ್ಲ. ನನ್ನ ಕೈಲೆ ಆಗತೈತಿ.”

ಅಂವ ಕನ್ನಡಕದ ಮ್ಯಾಲಿಂದ ನೋಡಿ, “ಹಾಗಾದರೆ ನೋಡೇ ಬಿಡೋಣ” ಅಂದ. ನನ್ನ ಮಾರಿ ಗ್ವಾಡಿ ಕಡೆ ತಿರಗಿಸಿ ನಿಲ್ಲಿಸಿದ್ರು. ಹಿಂದ ಗ್ಲಾಸ ತುಂಬೂ ಸಪ್ಪಳ ಕೇಳತಿತ್ತು. ನನ್ನ ಕಣ್ಣ ಮುಂದ ಬರೇ ಆ ಗರಗಸ. ತಪ್ಪ ಹೇಳಿದ್ರ ಇವತ್ತ ಮಧ್ಯಾಹ್ನ ಕರಿಯಾ ಎರಡ ತುಂಡು.

ತಿರಗಿದೆ. ಮೇಜಿನ ಮ್ಯಾಲ ಸಾಲಾಗಿ ಗ್ಲಾಸು. ಮೊದಲ್ನೇದ ಬಾಯಾಗ ಹಾಕಿ ಆಡಿಸಿ ಉಗಳಿದೆ. “ಇದು ಕರಿಯಾ, ನಾಕನೇ ಪೀಪಾಯಿ.” ಮೇಡಮ್ಮಾರು ಚೀಟಿ ನೋಡಿದ್ರು, ಹೌದಂದ್ರು. ಎರಡನೇದು, “ಹಾಯೂ ಎತ್ತು, ಹನ್ನೊಂದನೇದು.” ಹೌದು. ಮೂರನೇದು, ನಾಕನೇದು, ಐದನೇದು, ಹೌದು, ಹೌದು, ಹೌದು. ಹಿಂದಿದ್ದ ಇಬ್ಬರು ಹಾಳಿ ಬಿಟ್ಟು ನನ್ನ ಬಾಯಿ ನೋಡಾಕತ್ತಿದ್ರು. ರೆಸಾರ್ಟಿನಾಂವ ಬಾಗಲದಾಗ ಇಣಕಿದ. ಒಂಬತ್ತನೇದಕ್ಕ ಸ್ವಲ್ಪ ತಡದೆ. ಎರಡ ಸಲ ಬಾಯಾಗ ಹಾಕಿ, “ಮೈಗಳ್ಳ. ಇವತ್ತ ಎದ್ದಾನ, ಅದಕ್ಕ ಗುರ್ತ ಸಿಗಲಿಲ್ಲ” ಅಂದೆ. ಹೌದು.

ಹನ್ನೆರಡ ಮುಗೀತು. ನೋಡ್ತೇನಿ, ಇನ್ನೊಂದ ಗ್ಲಾಸ ಐತಿ.

ಬಾಯಾಗ ಹಾಕಿದೆ. ನಾಲಿಗಿ ನಿಂತ ಬಿಟ್ಟ್ತು. ಉಗಳಿದೆ. ಮತ್ತ ಹಾಕಿ, ಮತ್ತ ಉಗಳಿದೆ.

“ಇದು ನಮ್ಮದಲ್ಲ.”

ಹಿರ್ಯಾಂವ ಅಂದ, “ಸರಿಯಾಗಿ ನೋಡಿ. ಬೇರೆ ಕಡೆಯದು, ಆದರೆ ಇದೂ ಬ್ಯಾರೆಲ್ಲಿನದೇ. ಬಹಳ ಒಳ್ಳೆ ಬ್ಯಾರೆಲ್ಲು.”

“ಇದು ಪೀಪಾಯಿ ಮಾರಿನ ಕಂಡಿಲ್ಲ” ಅಂದೆ. “ಹಲಗೀದು ರುಚಿ ಒಂದ ಮಗ್ಗಲದಿಂದ ಮೆಲ್ಲಕ ಬರತೈತಿ, ಸಂಭಾವಿತ ಬೀಗರು ಬಾಗಲದಾಗ ಚಪ್ಪಲಿ ಬಿಟ್ಟು ಬಂದಂಗ. ಇದು ನಾಕೂ ಕಡೆಯಿಂದ ಒಮ್ಮೆಲೆ ನುಗ್ಗಿ ಒಗರ ಆಗತೈತಿ. ಗರಗಸದ ಹೊಟ್ಟ ಐವತ್ತ ವರ್ಷ ನುಂಗೇನಿ, ನನಗ ಹೇಳಬ್ಯಾಡ್ರಿ. ಇದನ್ನ ಮಾಡಿದಾಂವ ಕಬ್ಬಣದ ಟ್ಯಾಂಕಿನಾಗ ಕಟ್ಟಿಗಿ ಚೂರ ನೆನಿ ಹಾಕ್ಯಾನ, ಹಾಕಿ ಮಂದಿಗೆ ಪೀಪಾಯಿದು ಅಂತ ಹೇಳ್ಯಾನ. ಅಂವ ಯಾಂವ ಅದಾನ, ಕರಸ್ರಿ ಇಲ್ಲೆ. ಒಂದ ಪೀಪಾಯಿ ಅವನ ತಲಿ ಮ್ಯಾಲ ಡಬ್ಬ ಹಾಕ್ತೇನಿ, ವಾಸನಿನರ ತಿಳೀಲಿ!”

ಮೇಡಮ್ಮಾರು ನೆಲಾ ನೋಡಿದ್ರು. ಹಿಂದಿನ ಇಬ್ಬರಾಗ ಒಬ್ಬಾಂವ ಹಾಳಿ ಬಾಯಿಗೆ ಅಡ್ಡ ಹಿಡಕೊಂಡ, ಭುಜಾ ಅಳಗ್ಯಾಡಾಕತ್ತಿದ್ದುವು.

ಹಿರ್ಯಾಂವ ಕನ್ನಡಕ ತಗದು ಒರಸಿದ. ಒರಸಿದ, ಒರಸಿದ, ಗಾಜ ಸವ್ಯೂ ಹಂಗ ಒರಸಿದ. ಆಮ್ಯಾಲ ಚೀಲದಿಂದ ಒಂದ ಬಾಟ್ಲಿ ತಗದು ಮೇಜಿನ ಮ್ಯಾಲ ಇಟ್ಟ.

“ನಂದು” ಅಂದ.

ಬಹುಮಾನದ ಬಾಟ್ಲಿ! ಸಾವ್ಕಾರ್ರ ಮಾರಿ ಸುಣ್ಣಾ ಬಳದಂಗಾತು. ನನ್ನ ಕಿವ್ಯಾಗ ಅಂದ್ರು, “ಮುಗೀತು ಮಿಸ್ತ್ರಿ. ನಿನ್ನ ಪೀಪಾಯಿ ನೀನ ಕೊಂದಿ. ಗರಗಸ ತಗೋ.”

ಹೋಗಿ ಗರಗಸ ಎತ್ತಿದೆ. ನನ್ನ ಗರಗಸ ನನ್ನ ಕೈಯಾಗ ಅಷ್ಟ ಭಾರ ಎಂದೂ ಅನಸಿದ್ದಿಲ್ಲ. ಮೂರೂ ಮಂದಿ ಹನ್ನೆರಡೂ ಗ್ಲಾಸ ಬೆಳಕಿಗೆ ಹಿಡದು, ಮೂಸಿ, ರುಚಿ ನೋಡಿದ್ರು. ಹಿರ್ಯಾಂವ ಮೂಲ್ಯಾಗ ನಿಂತು ಹಾಳಿ ಮ್ಯಾಲ ಬರ್ಯಾಕತ್ತಿದ್ದ. ಬರದ, ಹೊಡದ ಹಾಕಿದ, ಮತ್ತ ಬರದ. ರೆಸಾರ್ಟಿನಾಂವ ಟೇಪ್ ಹೊರಗ ತಗದ. ನಾ ಕರಿಯಾನ ಬಾಜೂಕ ಹೋಗಿ ಅವನ ಬೆನ್ನ ಮ್ಯಾಲ ಕೈ ಇಟ್ಟು ನಿಂತೆ.

ಹಿರ್ಯಾಂವ ಬಂದು ಹಾಳಿ ಮೇಡಮ್ಮಾರ ಕೈಯಾಗ ಕೊಟ್ಟ. ಇಂಗ್ಲೀಷಿನಾಗ ಇತ್ತು. ಅವರು ಮನಸಿನಾಗ ಓದಿದ್ರು. ಕಣ್ಣ ದೊಡ್ಡುವಾದ್ವು. ಆಮ್ಯಾಲ ಜೋರಾಗಿ ಕನ್ನಡದಾಗ ಹೇಳಿದ್ರು:

“ಬಣ್ಣ, ಪೂರ್ತಿ ಅಂಕ. ವಾಸನೆ, ಪೂರ್ತಿ ಅಂಕ. ರುಚಿ, ಪೂರ್ತಿ ಅಂಕ.”

“ದೋಷ?” ಅಂದ್ರು ಸಾವ್ಕಾರ್ರು.

ಮೇಡಮ್ಮಾರು ನನ್ನ ಕಡೆ ನೋಡಿದ್ರು. “ದೋಷ, ಒಂದೇ ಒಂದು. ಬ್ಯಾರೆಲ್ ಪಕ್ಕದಲ್ಲಿ ನಿಂತಿರೋ ಮುದುಕ.”

ಸಾವ್ಕಾರ್ರು ಎಷ್ಟ ನಕ್ಕ್ರು ಅಂದ್ರ, ನಕ್ಕೋಂತನ ಹೋಗಿ ರೆಸಾರ್ಟಿನಾಂವನ ಗಾಡಿಗೆ ತಾವ ಕೈ ಹಚ್ಚಿ ಹಿಂದಕ್ಕ ನೂಕಿದ್ರು. ಹಿರ್ಯಾಂವ ನನ್ನ ಕೈ ಕುಲಕಿ, ಮೆಲ್ಲಕ, “ಯಜಮಾನ್ರೇ, ನಮಗೂ ನಾಲ್ಕು ಪೀಪಾಯಿ ಕಟ್ಟಿ ಕೊಡ್ತೀರಾ?” ಅಂದ.

ಆ ಹಾಳಿ ನಾ ಇಸಗೊಂಡ ಬಂದು, ಸಾಗವಾನಿ ಚೌಕಟ್ಟ ಮಾಡಿ ಗಾಜ ಹಾಕಿ, ಪಡಸಾಲ್ಯಾಗ ತೂಗ ಹಾಕೇನಿ. ಬಂದವ್ರೆಲ್ಲಾ ಅದು ಏನ ಅಂತ ಕೇಳ್ತಾರ. ಕೂಡಿಸಿ, ಚಾ ಕೊಟ್ಟು ಹೇಳ್ತೇನಿ: “ಬೆಂಗಳೂರಿಂದ ಮೂರ ಮಂದಿ ದೊಡ್ಡವ್ರು ಬಂದು, ನಾ ಕಟ್ಟಿದ ಹನ್ನೆರಡು ಪೀಪಾಯಿ ಮೂಸಿ, ನೆಕ್ಕಿ, ದೀಪ ಹಿಡದು ಹುಡಿಕಿದ್ರು. ಸಿಕ್ಕ ದೋಷ ಒಂದ. ಅದು ನಾನ!”